ಕೊಬ್ಬರಿ ದುಡ್ಡಿನ ಕಂಪ್ಯೂಟರ್: ಕಾಲೇಜಿಗೆ ಸಿಸ್ಟಮ್ ಜೋಡಿಸುವ ಲೆಕ್ಕಾಚಾರ

ತಿಪಟೂರಿನಿಂದ ಭಾವ ಫೋನ್ ಮಾಡಿದ್ದರು. ಮಗಳಿಗೆ ಇನ್ಫರ್ಮೇಶನ್ ಸೈನ್ಸ್ ಸೀಟ್ ಸಿಕ್ಕಿದೆ, ಕಂಪ್ಯೂಟರ್ ಬೇಕಂತೆ, ಈ ಸಲದ ಕೊಬ್ಬರಿ ದುಡ್ಡಲ್ಲಿ 60 ಸಾವಿರ ಎತ್ತಿಟ್ಟಿದ್ದೀನಿ, ಅದರಲ್ಲೇ ಮುಗಿಸಿಕೊಡು ಅಂದರು. ಹಿಂದಿನಿಂದ ಅಕ್ಕನ ಮಗಳ ದನಿ: "ಮಾಮ, ಬಣ್ಣಬಣ್ಣದ ಲೈಟ್ ಇರೋ ಫ್ಯಾನ್ ಹಾಕಿಸು!"

ಅವತ್ತು ಸಂಜೆ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಲೆಕ್ಕ ಶುರು ಮಾಡಿದ್ದು ಒಂದೇ ಒಂದು ವಿಷಯದಿಂದ. ಇದು ಕೊಳ್ಳುವ ದಿನದ ಬಜೆಟ್ ಅಲ್ಲ, ನಾಲ್ಕು ವರ್ಷದ ಬಜೆಟ್. ಹಾಗಾಗಿ ಆಮೇಲೆ ಬದಲಾಯಿಸಲು ಕಷ್ಟವಾಗುವ ವಸ್ತುಗಳಿಗೆ ಇವತ್ತೇ ಒಳ್ಳೆಯ ದುಡ್ಡು ಹಾಕಬೇಕು. ಆಮೇಲೆ ಸೇರಿಸಬಹುದಾದದ್ದನ್ನು ಆಮೇಲಕ್ಕೇ ಬಿಡಬೇಕು.

ಮೊದಲು ಕೇಳಿಕೊಳ್ಳಿ: ಡೆಸ್ಕ್‌ಟಾಪ್ ಬೇಕಾ?

ಹಾಸ್ಟೆಲ್‌ನಲ್ಲಿ ಇರುವವರು ಲ್ಯಾಪ್‌ಟಾಪ್ ತಗೊಳ್ಳಿ. ಮೂರು ಜನರ ರೂಮು, ಒಂದೇ ಪ್ಲಗ್ ಪಾಯಿಂಟ್, ವರ್ಷಕ್ಕೊಮ್ಮೆ ರೂಮ್ ಬದಲಾವಣೆ. ಅಲ್ಲಿ ಡೆಸ್ಕ್‌ಟಾಪ್ ಅಂದರೆ ತಲೆನೋವು. ಲ್ಯಾಬಿಗೆ ಸ್ವಂತ ಮಷೀನ್ ತರಬೇಕು ಅನ್ನುವ ಕಾಲೇಜುಗಳೂ ಇವೆ, ಸೀನಿಯರ್‌ಗಳನ್ನು ಕೇಳಿ ನೋಡಿ. ನಮ್ಮ ಹುಡುಗಿ ಮನೆಯಿಂದಲೇ ಓಡಾಡುತ್ತಾಳೆ. ಕಾಲೇಜಿನ ಲ್ಯಾಬ್‌ನಲ್ಲಿ ಸಿಸ್ಟಮ್ ಇದೆ. ಮನೆಯಲ್ಲಿ ರಾತ್ರಿ ಕೂತು ಕೆಲಸ ಮಾಡಲು ದೊಡ್ಡ ಪರದೆ, ಗಟ್ಟಿ ಕೀಬೋರ್ಡ್, ಕೆಟ್ಟರೆ ಒಂದು ಭಾಗ ಮಾತ್ರ ಬದಲಾಯಿಸುವ ಅನುಕೂಲ. ಅಂಥವರಿಗೆ ಅಸೆಂಬಲ್ ಮಾಡಿದ್ದೇ ಸರಿ.

ಕೈಯಲ್ಲಿ ಇರುವುದು 20–25 ಸಾವಿರ ಅಂದರೆ ಹೊಸದಾಗಿ ಜೋಡಿಸಲು ಹೋಗಬೇಡಿ. ಬೆಂಗಳೂರಿನ ಆಫೀಸುಗಳು ತೆಗೆದುಹಾಕಿದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಥರದ ಡಬ್ಬಗಳು ರಿಪೇರಿಯಾಗಿ ಮಾರಾಟಕ್ಕೆ ಬರುತ್ತವೆ. ಒಳ್ಳೆಯ ಕಬ್ಬಿಣದ ಮೈ, ಸುಮ್ನೆ ಕೆಡುವುದಿಲ್ಲ. ಒಂದು ಎಚ್ಚರಿಕೆ: ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಇಂಟೆಲ್ 8ನೇ ಪೀಳಿಗೆ ಅಥವಾ ಅದರ ಮೇಲಿನದೇ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅದಕ್ಕಿಂತ ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಇನ್ನೊಂದು, ಸಣ್ಣ ಮೈಯ ಮಾಡೆಲ್‌ಗಳಲ್ಲಿ ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಮೂಡಿಸುವ ಬೇರೆ ಕಾರ್ಡ್) ಕೂರುವುದಿಲ್ಲ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಕೂಡ ಆ ಕಂಪನಿಯದೇ ಅಳತೆ. ಅಂದರೆ ಅದು ಹೇಗಿದೆಯೋ ಹಾಗೇ ಇರುವ ಮಷೀನ್.

ಸಾಫ್ಟ್‌ವೇರ್ ಪಟ್ಟಿ ಮೊದಲು, ಪ್ರೊಸೆಸರ್ ಆಮೇಲೆ

ಎಲ್ಲರೂ ಉಲ್ಟಾ ಮಾಡುತ್ತಾರೆ. "ಐ5 ಹಾಕಿಸ್ಲಾ, ಐ7 ಹಾಕಿಸ್ಲಾ" ಅಂತ ಕೇಳುತ್ತಾರೆ. ಯಾವ ಸಾಫ್ಟ್‌ವೇರ್ ಓಡಿಸ್ತೀಯ ಅಂದರೆ ಗೊತ್ತಿರುವುದಿಲ್ಲ. ಎರಡನೇ, ಮೂರನೇ ವರ್ಷದ ಒಬ್ಬ ಸೀನಿಯರ್‌ಗೆ ಒಂದು ಟೀ ಕೊಡಿಸಿ ಕೇಳಿದರೆ ಪಟ್ಟಿ ಸಿಗುತ್ತದೆ.

ಬಿಕಾಂ, ಬಿಬಿಎ ಆದರೆ ಟ್ಯಾಲಿ, ಎಕ್ಸೆಲ್, ಬ್ರೌಸರ್ ಇಷ್ಟೇ. ನಾಲ್ಕು ಕೋರ್‌ನ (ಕೋರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ) ಐ3-12100 ಥರದ್ದೇ ಅದಕ್ಕೆ ಜಾಸ್ತಿ. ಉಳಿದ ದುಡ್ಡನ್ನು ಒಳ್ಳೆಯ ಮಾನಿಟರ್‌ಗೆ ಹಾಕಿ.

ಕಂಪ್ಯೂಟರ್ ಸೈನ್ಸ್ ಕಡೆಯವರಿಗೆ, ತೆರೆದ ಕೆಲಸಗಳನ್ನು ಆ ಕ್ಷಣಕ್ಕೆ ಹಿಡಿದಿಡುವ ಮೆಮೊರಿ, ಅಂದರೆ ರ‍್ಯಾಮ್ ಮುಖ್ಯ. ಫೋನ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ತೆರೆದು, ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಓಡಿಸಿ, ಪಕ್ಕದಲ್ಲಿ ಬ್ರೌಸರ್‌ನಲ್ಲಿ 20 ಟ್ಯಾಬ್ ಇಟ್ಟುಕೊಂಡರೆ 8 ಜಿಬಿ ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. 16 ಜಿಬಿ ಇರಲೇಬೇಕು. ಗ್ರಾಫಿಕ್ಸ್ ಕಾರ್ಡ್ ಮೊದಲ ಎರಡು ವರ್ಷ ಬೇಕಾಗುವುದೇ ಇಲ್ಲ. ಮೆಷಿನ್ ಲರ್ನಿಂಗ್ ಬರುತ್ತಲ್ಲಾ ಅಂದರೆ, ಗೂಗಲ್ ಕೊಲ್ಯಾಬ್ ಮತ್ತು ಕ್ಯಾಗಲ್ ಅನ್ನುವ ವೆಬ್‌ಸೈಟ್‌ಗಳು ಎರಡೂ ಮಿತಿ ಇಟ್ಟು ಉಚಿತವಾಗಿ ಜಿಪಿಯು (ಗ್ರಾಫಿಕ್ಸ್ ಚಿಪ್) ಕೊಡುತ್ತವೆ. ಕಲಿಯಲು ಅಷ್ಟು ಸಾಕು.

ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಬೇರೆಯೇ ಕಥೆ. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಥರದವು ಮಾಡೆಲಿಂಗ್ ಮಾಡುವಾಗ ಹೆಚ್ಚಾಗಿ ಒಂದೇ ಕೋರ್‌ನ ವೇಗದ ಮೇಲೆ ನಿಂತಿರುತ್ತವೆ. ಹತ್ತು ಹನ್ನೆರಡು ಕೋರ್ ತಗೊಂಡು ಪ್ರಯೋಜನ ಕಡಿಮೆ. ರೆಂಡರ್ ಮಾಡುವ (ಮಾಡೆಲ್‌ನಿಂದ ಫೋಟೊದಂಥ ಚಿತ್ರ ತೆಗೆಯುವ) ಆರ್ಕಿಟೆಕ್ಚರ್‌ನವರಿಗೆ ಮಾತ್ರ ಕೋರ್‌ಗಳೂ ಬೇಕು, ಗ್ರಾಫಿಕ್ಸ್ ಕಾರ್ಡೂ ಬೇಕು. ಅವರ ಬಜೆಟ್ ನಮ್ಮ 60 ಸಾವಿರದಲ್ಲಿ ಮುಗಿಯುವುದಿಲ್ಲ, ಹೇಳಿಬಿಡುತ್ತೇನೆ. ಆಟೋಡೆಸ್ಕ್‌ನ ಸಾಫ್ಟ್‌ವೇರ್‌ಗಳು ವಿದ್ಯಾರ್ಥಿಗಳಿಗೆ ಒಂದೊಂದು ವರ್ಷದ ಲೆಕ್ಕದಲ್ಲಿ ಉಚಿತ, ನವೀಕರಿಸಿಕೊಳ್ಳಬಹುದು. ಅಂಗಡಿಯವರು ಹಾಕಿಕೊಡುವ ಕ್ರ್ಯಾಕ್ ಮಾಡಿದ ಪ್ರತಿ ಖಂಡಿತ ಬೇಡ. ಅದರ ಜೊತೆ ಇನ್ನೇನು ಬರುತ್ತದೆ ಅಂತ ಅವರಿಗೂ ಗೊತ್ತಿರುವುದಿಲ್ಲ.

60 ಸಾವಿರ ಹೀಗೆ ಹಂಚಿದೆ

ಹೆಚ್ಚಿನವರು ಡಬ್ಬದ ಬೆಲೆಯನ್ನಷ್ಟೇ ಕೂಡಿಸುತ್ತಾರೆ. ನಮ್ಮ ಕಡೆ ಆ ಡಬ್ಬಕ್ಕೇ "ಸಿಪಿಯು" ಅನ್ನುತ್ತಾರೆ, ಅಂಗಡಿಯಲ್ಲೂ ಹಾಗೇ ಅನ್ನುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. ಮಾನಿಟರ್, ಯುಪಿಎಸ್, ಕೀಬೋರ್ಡ್ ಎಲ್ಲ ಸೇರಿ ಮನೆಗೆ ಬರುವ ಒಟ್ಟು ಖರ್ಚೇ ಬಜೆಟ್. ಕೆಳಗಿರುವುದು ಅಂಗಡಿಯ ಬೆಲೆಪಟ್ಟಿ ಅಲ್ಲ. ಯಾವುದಕ್ಕೆ ಎಷ್ಟು ಎತ್ತಿಡಬೇಕು ಅಂತ ನಾನು ಹಾಕಿಕೊಂಡ ಮಿತಿ:

- ಪ್ರೊಸೆಸರ್: 12,000
- ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಹಲಗೆ): 7,500
- ರ‍್ಯಾಮ್, 16 ಜಿಬಿ: 10,000
- ಎಸ್‌ಎಸ್‌ಡಿ (ಫೈಲ್‌ಗಳು ಉಳಿಯುವ ಡಿಸ್ಕ್), 500 ಜಿಬಿ: 5,000
- ಎಸ್‌ಎಂಪಿಎಸ್: 4,000
- ಕ್ಯಾಬಿನೆಟ್: 3,000
- ಮಾನಿಟರ್: 8,000
- ಕೀಬೋರ್ಡ್, ಮೌಸ್: 1,000
- ಯುಪಿಎಸ್: 3,500
- ಸ್ಪೈಕ್ ಬಸ್ಟರ್, ಕೇಬಲ್, ವೈಫೈ ಡಾಂಗಲ್: 1,000
- ಕೈಯಲ್ಲಿ ಉಳಿಸಿಕೊಂಡದ್ದು: 5,000

ಕೊನೆಯ ಸಾಲು ಬಹಳ ಮುಖ್ಯ. ಆ 5,000 ಇಲ್ಲದೆ ಅಂಗಡಿಗೆ ಹೋಗಬೇಡಿ. ಯಾಕೆ ಅಂತ ರ‍್ಯಾಮ್ ವಿಷಯ ಬಂದಾಗ ಹೇಳುತ್ತೇನೆ.

ಶಿಕ್ಷಣ ಸಾಲ ತಗೊಳ್ಳುತ್ತಿರುವವರಿಗೆ ಒಂದು ಮಾತು. ಬ್ಯಾಂಕುಗಳು ಅನುಸರಿಸುವ ಐಬಿಎ (ಭಾರತೀಯ ಬ್ಯಾಂಕುಗಳ ಸಂಘ) ಮಾದರಿ ಸಾಲ ಯೋಜನೆಯಲ್ಲಿ ಕೋರ್ಸಿಗೆ ಬೇಕಾದ ಕಂಪ್ಯೂಟರ್‌ನ ಖರ್ಚನ್ನೂ ಸೇರಿಸಬಹುದು. ಆದರೆ ಮೊದಲೇ ಕೊಟೇಶನ್ ಕೊಟ್ಟು ಕೇಳಬೇಕು. ತಗೊಂಡುಬಂದ ಮೇಲೆ ಬಿಲ್ ಹಿಡಿದು ಮ್ಯಾನೇಜರ್ ಮುಂದೆ ನಿಂತರೆ ಕೆಲಸ ಆಗುವುದು ಕಷ್ಟ.

ಪ್ರೊಸೆಸರ್, ಬೋರ್ಡ್, ರ‍್ಯಾಮ್: ಮೂರನ್ನೂ ಒಟ್ಟಿಗೆ ಆರಿಸಿ

ಈ ಮೂರು ಒಂದಕ್ಕೊಂದು ಕಟ್ಟಿಬಿದ್ದಿವೆ. ಒಂದನ್ನು ಆರಿಸಿದರೆ ಉಳಿದೆರಡರ ದಾರಿ ಅರ್ಧ ಮುಚ್ಚಿದಂತೆ.

ನಾನು ಆರಿಸಿದ್ದು ಎಎಂಡಿ ರೈಝನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್ (ಒಂದೊಂದು ಕೋರ್ ಎರಡೆರಡು ಕೆಲಸದ ಸಾಲು ನಡೆಸುತ್ತದೆ), ಒಳಗೇ ಗ್ರಾಫಿಕ್ಸ್ ಇದೆ. ಡಬ್ಬದಲ್ಲೇ ಫ್ಯಾನ್ ಬರುತ್ತದೆ. ಹೆಸರಿನ ಕೊನೆಯ "ಜಿ" ಅಕ್ಷರ ನೋಡಿಕೊಳ್ಳಿ. ಅದಿಲ್ಲದ ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆಯೇ ಹತ್ತುವುದಿಲ್ಲ. ಇಂಟೆಲ್‌ನಲ್ಲಿ ಇದು ಉಲ್ಟಾ. ಐ5-12400 ಅಂದರೆ ಗ್ರಾಫಿಕ್ಸ್ ಇದೆ, 12400ಎಫ್ ಅಂದರೆ ಇಲ್ಲ. "ಎಫ್" ಸ್ವಲ್ಪ ಅಗ್ಗ ಅಂತ ತಗೊಂಡುಬಂದು ಮನೆಯಲ್ಲಿ ಕಪ್ಪು ಪರದೆ ನೋಡುತ್ತಾ ಕೂತವರನ್ನು ನಾನೇ ನೋಡಿದ್ದೇನೆ.

5600ಜಿ ಕೂರುವುದು ಎಎಂ4 ಸಾಕೆಟ್‌ನಲ್ಲಿ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಅದಕ್ಕೆ ಡಿಡಿಆರ್4 ಪೀಳಿಗೆಯ ರ‍್ಯಾಮ್. ಇದು ಹಳೆಯ ದಾರಿ. ಎಎಂಡಿ 2022ರಲ್ಲಿ ತಂದ ಎಎಂ5 ಸಾಕೆಟ್‌ಗೆ ಡಿಡಿಆರ್5 ಮಾತ್ರ. ಅದಕ್ಕೆ 2027ರವರೆಗೂ ಬೆಂಬಲ ಕೊಡುವುದಾಗಿ ಕಂಪನಿ ಹೇಳಿದೆ, ಹಾಗಾಗಿ ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸುವ ದಾರಿ ಅಲ್ಲಿ ಇನ್ನೂ ಉದ್ದವಿದೆ. ಕೈಯಲ್ಲಿ 75–80 ಸಾವಿರ ಇದ್ದರೆ ನಾನು ಕಣ್ಣುಮುಚ್ಚಿ ಎಎಂ5ಗೆ ಹೋಗುತ್ತಿದ್ದೆ, ರೈಝನ್ 5 8600ಜಿ ಹಾಕಿಸುತ್ತಿದ್ದೆ. 60 ಸಾವಿರದಲ್ಲಿ ಅದನ್ನು ತುರುಕಲು ಹೋದರೆ ಎಸ್‌ಎಂಪಿಎಸ್, ಮಾನಿಟರ್ ಎರಡರ ಕತ್ತು ಹಿಸುಕಬೇಕು. ಮೆಕ್ಯಾನಿಕಲ್‌ನವರು ಬಂದಿದ್ದರೆ ಐ5-12400 ಕೊಡಿಸುತ್ತಿದ್ದೆ. ಅದರ ಒಂದು ಕೋರ್‌ನ ವೇಗ ಚೆನ್ನಾಗಿದೆ, ಒಳಗಿನ ಗ್ರಾಫಿಕ್ಸ್ ಮಾತ್ರ ಸಾಧಾರಣ.

ಬೋರ್ಡ್‌ನಲ್ಲಿ ಬಿ550 ಚಿಪ್‌ಸೆಟ್‌ನ (ಬೋರ್ಡಿನ ಭಾಗಗಳನ್ನು ಜೋಡಿಸುವ ಚಿಪ್) ಚಿಕ್ಕ ಗಾತ್ರದ್ದು ಸಾಕು. ನಾಲ್ಕು ರ‍್ಯಾಮ್ ಸ್ಲಾಟ್ ಇರುವುದನ್ನೇ ಕೇಳಿ. ಇವತ್ತು ಎರಡು ತುಂಬಿ, ಮೂರನೇ ವರ್ಷ ಇನ್ನೆರಡು ತುಂಬಬಹುದು. ಇಂಟೆಲ್ ಕಡೆ ಎಚ್610 ಬೋರ್ಡ್‌ಗಳಲ್ಲಿ ಎರಡೇ ಸ್ಲಾಟ್. ಇಂಟೆಲ್ 12, 13, 14ನೇ ಪೀಳಿಗೆಯ ಬೋರ್ಡ್‌ಗಳು ಡಿಡಿಆರ್4 ಮತ್ತು ಡಿಡಿಆರ್5 ಎರಡು ಬಗೆಯಲ್ಲಿ ಸಿಗುತ್ತವೆ. ಯಾವ ಬಗೆ ಅಂತ ಡಬ್ಬದ ಮೇಲೆ ಓದದೆ ರ‍್ಯಾಮ್ ತಗೊಂಡರೆ ಅದು ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ.

ಈಗ ರ‍್ಯಾಮ್. 16 ಜಿಬಿಯ ಒಂದು ಕಡ್ಡಿ ಬೇಡ, 8 ಜಿಬಿಯ ಎರಡು ಕಡ್ಡಿ ತಗೊಳ್ಳಿ. 5600ಜಿಯ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಇದೇ ರ‍್ಯಾಮನ್ನು ಹಂಚಿಕೊಂಡು ಉಣ್ಣುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಡೇಟಾ ಹರಿಯುತ್ತದೆ, ಗ್ರಾಫಿಕ್ಸ್ ಎದ್ದು ಕಾಣುವಷ್ಟು ಚುರುಕಾಗುತ್ತದೆ. ಅಂಗಡಿಯವರು "ಒಂದೇ ಕಡ್ಡಿ ಹಾಕಿಸಿ ಸಾರ್, ಮುಂದೆ ಇನ್ನೊಂದು ಹಾಕಬಹುದು" ಅಂತಾರೆ. ಎರಡೇ ಸ್ಲಾಟ್‌ನ ಬೋರ್ಡಿಗೆ ಅದು ಒಪ್ಪುವ ಮಾತೇ. ನಾಲ್ಕು ಸ್ಲಾಟ್ ಇದ್ದಾಗ ಅಲ್ಲ.

ಇನ್ನು ಬೆಲೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಹಾರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದೇ ಕಾರಣ. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಲ್ ವಹಿವಾಟನ್ನೇ ಮುಚ್ಚುವುದಾಗಿ ಹೇಳಿತು. ಹಾಗಾಗಿ ಹಳೆಯ ವಿಡಿಯೊ ನೋಡಿ "16 ಜಿಬಿಗೆ ಮೂರೂವರೆ ಸಾವಿರ" ಅಂದುಕೊಂಡು ಹೋದವರು ಅಂಗಡಿಯಲ್ಲಿ ಬೆಚ್ಚಿಬೀಳುತ್ತಾರೆ. ಕೊಬ್ಬರಿ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವಾರದ ಬೆಲೆ ಮುಂದಿನ ವಾರ ಇರುವುದಿಲ್ಲ. ಮೇಲಿನ 5,000 ಇಟ್ಟದ್ದು ಇದಕ್ಕೇ. ಬೆಲೆ ಅದನ್ನೂ ಮೀರಿದರೆ 8 ಜಿಬಿಯಲ್ಲಿ ಶುರು ಮಾಡಿ, ಪರವಾಗಿಲ್ಲ. ಮೊದಲ ಸೆಮಿಸ್ಟರ್‌ನ ಸಿ ಪ್ರೋಗ್ರಾಂಗಳಿಗೆ ಅದು ಧಾರಾಳ ಸಾಕು.

ಎಸ್‌ಎಸ್‌ಡಿ ಬಗ್ಗೆ ಎರಡೇ ಮಾತು. ಬೋರ್ಡಿಗೇ ಕೂರುವ ಎನ್‌ವಿಎಂಇ ತಗೊಳ್ಳಿ. 5600ಜಿ ಪಿಸಿಐಇ (ಪ್ರೊಸೆಸರ್‌ಗೂ ಎಸ್‌ಎಸ್‌ಡಿಗೂ ನಡುವೆ ಡೇಟಾ ಹರಿಯುವ ದಾರಿ) 3ನೇ ಪೀಳಿಗೆಯಲ್ಲೇ ನಿಲ್ಲುತ್ತದೆ, ಹಾಗಾಗಿ ಸೆಕೆಂಡಿಗೆ 7,000 ಎಂಬಿ ಅಂತ ಡಬ್ಬದ ಮೇಲೆ ಬರೆದ 4ನೇ ಪೀಳಿಗೆಯದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಅರ್ಧ ವೇಗಕ್ಕೇ ಅದು ಓಡುವುದು.

ಎಸ್‌ಎಂಪಿಎಸ್: ಇಲ್ಲಿ ಮಾತ್ರ ಜಿಪುಣತನ ಬೇಡ

ನನ್ನ ಮೊದಲ ಸಿಸ್ಟಮ್‌ಗೆ ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಬಂದಿತ್ತು. ಮೇಲೆ 500 ವ್ಯಾಟ್ ಅಂತ ಚೀಟಿ. ಕೈಯಲ್ಲಿ ಹಿಡಿದರೆ ಖಾಲಿ ಟಿಫನ್ ಡಬ್ಬಿಯಷ್ಟು ಹಗುರ. ಮೂರನೇ ವರ್ಷದ ಒಂದು ಸಂಜೆ, ಮಳೆಗೆ ಮುಂಚಿನ ಗಾಳಿ, ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ. ಅದೊಂದೇ ಹೋಗಿದ್ದರೆ ಚಿಂತೆ ಇರಲಿಲ್ಲ. ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಾರ್ಡ್‌ಡಿಸ್ಕ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಇತ್ತು.

ಈ ಸಿಸ್ಟಮ್‌ಗೆ ಬೇಕಾಗುವುದು ಹೆಚ್ಚೆಂದರೆ 120 ವ್ಯಾಟ್ ಆಸುಪಾಸು. ಆದರೂ 550 ವ್ಯಾಟ್‌ನದು ತಗೊಂಡೆ. ಮುಂದೆ ಗ್ರಾಫಿಕ್ಸ್ ಕಾರ್ಡ್ ಬಂದರೆ ಇದೇ ಸಾಕಾಗಲಿ ಅಂತ. "80 ಪ್ಲಸ್ ಬ್ರಾಂಜ್" ಗುರುತು (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ದರ್ಜೆ) ಇರಲಿ, ಗೊತ್ತಿರುವ ಕಂಪನಿ ಇರಲಿ, ಮೂರರಿಂದ ಐದು ವರ್ಷ ವಾರಂಟಿ ಇರಲಿ. ಹಾಗೇ ಕಾರ್ಡಿಗೆ ಕೊಡುವ 8 ಪಿನ್ ಕೇಬಲ್ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಕ್ಯಾಬಿನೆಟ್‌ಗೆ ಮುಂದೆ ಜಾಲರಿ ಇರಬೇಕು. ಗಾಜಿನ ಮುಖದ್ದು ನೋಡಲು ಚೆಂದ, ಒಳಗೆ ಗಾಳಿ ಹೋಗುವುದಿಲ್ಲ. ಅಕ್ಕನ ಮಗಳ ಬಣ್ಣದ ಫ್ಯಾನ್ ವಿಷಯದಲ್ಲಿ ರಾಜಿ ಆಯಿತು. ಜಾಲರಿ ಕ್ಯಾಬಿನೆಟ್‌ನಲ್ಲೇ ಮೂರು ಲೈಟಿನ ಫ್ಯಾನ್ ಜೊತೆಗೇ ಬರುವ ಮಾಡೆಲ್ ಅದೇ ಮಿತಿಯೊಳಗೆ ಸಿಕ್ಕಿತು. ಬೇರೆ ದುಡ್ಡು ಕೊಡುವಂತಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಕರೆಂಟು, ಯುಪಿಎಸ್, ಅರ್ಥಿಂಗ್

ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ ಯುಪಿಎಸ್ ಕೊಳ್ಳುವ ಮೊದಲು ಅದರ ಹಿಂಭಾಗ ನೋಡಿ. ಹಲವು ಇನ್ವರ್ಟರ್‌ಗಳಲ್ಲಿ "ಯುಪಿಎಸ್" ಮತ್ತು "ಇಕೊ" ಅಂತ ಎರಡು ಕಡೆಗೆ ಹೊರಳುವ ಸ್ವಿಚ್ ಇರುತ್ತದೆ. ಯುಪಿಎಸ್ ಕಡೆಗೆ ಹಾಕಿದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ಬೇಗ, ಕಂಪ್ಯೂಟರ್ ಆಫ್ ಆಗುವುದಿಲ್ಲ. ಇನ್ವರ್ಟರ್ ಸೈನ್ ವೇವ್ (ಲೈನ್ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವಂಥದ್ದು) ಆಗಿದ್ದರೆ ಇನ್ನೂ ಒಳ್ಳೆಯದು. ಇದು ಹೊಂದಿದರೆ 3,500 ಉಳಿಯಿತು.

ಇಲ್ಲದಿದ್ದರೆ 600 ವಿಎ (ಸಾಮರ್ಥ್ಯದ ಅಳತೆ) ಯುಪಿಎಸ್ ಸಾಕು. ಅದು ಫೈಲ್ ಸೇವ್ ಮಾಡಿ ಮರ್ಯಾದೆಯಾಗಿ ಆಫ್ ಮಾಡಲು ಕೊಡುವ ಹತ್ತು ನಿಮಿಷ, ಸಿನಿಮಾ ನೋಡಲು ಅಲ್ಲ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಆಗ ಯುಪಿಎಸ್ ಎಸೆಯಬೇಡಿ, ಬ್ಯಾಟರಿ ಮಾತ್ರ ಬದಲಾಯಿಸಬಹುದು. ನಾಲ್ಕು ವರ್ಷದ ಬಜೆಟ್‌ನಲ್ಲಿ ಅದನ್ನೂ ಬರೆದಿಡಿ.

ಇನ್ನು ಅರ್ಥಿಂಗ್. ಭಾವನ ಮನೆಯಲ್ಲಿ ಆದದ್ದು ಇದು. ಎಲ್ಲ ಜೋಡಿಸಿ ಆನ್ ಮಾಡಿದೆವು, ಚೆನ್ನಾಗಿ ಓಡಿತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಹಿಂದೆ ಕೈ ಇಟ್ಟರೆ ಬೆರಳ ತುದಿಯಲ್ಲಿ ಜುಮ್ ಅನ್ನುತ್ತದೆ. ಅಕ್ಕ ಹೆದರಿ ಸ್ವಿಚ್ ಆರಿಸಿಬಿಟ್ಟರು. ಎಸ್‌ಎಂಪಿಎಸ್‌ನ ಒಳಗೆ ಕರೆಂಟಿನ ಗಲಾಟೆ ಸೋಸುವ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಅವು ಸ್ವಲ್ಪವೇ ಸ್ವಲ್ಪ ಕರೆಂಟನ್ನು ಮೈಯ ಕಬ್ಬಿಣಕ್ಕೆ ಬಿಡುತ್ತವೆ, ಅದು ಅರ್ಥ್ ತಂತಿಯಲ್ಲಿ ನೆಲಕ್ಕೆ ಇಳಿದುಹೋಗಬೇಕು. ಹಳೆಯ ಮನೆ, ಮೂರು ತೂತಿನ ಸಾಕೆಟ್ ಇದೆ, ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಅರ್ಧ ದಿನದಲ್ಲಿ ಸರಿಮಾಡಿದ. ಕೈಯಲ್ಲಿಟ್ಟಿದ್ದ 5,000ದಲ್ಲಿ ಒಂದು ಪಾಲು ಹೋದದ್ದು ಅಲ್ಲಿಗೆ. ಕಂಪ್ಯೂಟರ್ ಬರುವ ಮೊದಲೇ ಸಾಕೆಟ್ ಪರೀಕ್ಷೆ ಮಾಡಿಸಿಕೊಳ್ಳಿ.

ಕರೆಂಟ್ ಬಿಲ್‌ಗೆ ಹೆದರಬೇಡಿ. ಮಾನಿಟರ್ ಸೇರಿ ಸರಾಸರಿ 100 ವ್ಯಾಟ್ ಅಂತ ಹಿಡಿದು, ದಿನಕ್ಕೆ 5 ಗಂಟೆ ಓಡಿಸಿದರೆ ತಿಂಗಳಿಗೆ 15 ಯೂನಿಟ್. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವ ಮನೆಯವರು ಮಾತ್ರ ಈ 15 ಯೂನಿಟ್ ಎಲ್ಲಿಗೆ ಒಯ್ಯುತ್ತದೆ ಅಂತ ಒಮ್ಮೆ ನೋಡಿಕೊಳ್ಳಲಿ.

ಎಸ್‌ಪಿ ರಸ್ತೆಯಲ್ಲಿ ಒಂದು ದಿನ

ಆನ್‌ಲೈನ್‌ನಲ್ಲೂ ತಗೊಳ್ಳಬಹುದು. ಕಾರ್ಡ್ ರಿಯಾಯಿತಿ ಸಿಕ್ಕಾಗ ಅಗ್ಗವೇ ಆಗುತ್ತದೆ. ಡಬ್ಬ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಳ್ಳಿ, ಅಷ್ಟೇ. ಆದರೆ ಎಲ್ಲವನ್ನೂ ಒಂದೇ ಕಡೆ ತಗೊಂಡು, ಅಲ್ಲೇ ಜೋಡಿಸಿ ನೋಡಿ, ಮಾತಾಡಿ ಬೆಲೆ ಇಳಿಸುವುದು ಬೇಕಾದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯೇ ಸರಿ. ಜನ ಕರೆಯುವುದು ಎಸ್‌ಪಿ ರೋಡ್ ಅಂತ. ರೈಲಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮುಂದಿನ ಸ್ಟಾಪೇ ಚಿಕ್ಕಪೇಟೆ. ಅಲ್ಲಿಂದ ನಡೆದು ಹೋಗಬಹುದು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಮೊದಲ ಅಂಗಡಿಯಲ್ಲೇ ದುಡ್ಡು ತೆಗೆಯಬೇಡಿ. ಒಂದು ಹಾಳೆಯಲ್ಲಿ ಪ್ರತಿ ವಸ್ತುವಿನ ಪೂರ್ತಿ ಮಾಡೆಲ್ ಹೆಸರು ಬರೆದುಕೊಂಡು ಮೂರು ಅಂಗಡಿಯಲ್ಲಿ ಕೊಟೇಶನ್ ಕೇಳಿ. ಒಟ್ಟು ಮೊತ್ತ ಕೇಳಬೇಡಿ, ಸಾಲುಸಾಲಾಗಿ ಬರೆಸಿ. "ಬಿ550 ಬೋರ್ಡ್" ಅಂತ ಬರೆದರೆ ಅದು ಐದು ಬೋರ್ಡ್ ಆಗಬಹುದು. ನಾವು ಕೇಳಿದ ಎಸ್‌ಎಂಪಿಎಸ್ ಒಂದು ಅಂಗಡಿಯಲ್ಲಿ ಇರಲಿಲ್ಲ. ಹುಡುಗ ಇನ್ನೊಂದು ತಂದಿಟ್ಟು "ಸೇಮ್ ಟು ಸೇಮ್ ಸಾರ್" ಅಂದ. ತಿರುಗಿಸಿ ನೋಡಿದರೆ ವ್ಯಾಟ್ ಅದೇ, ಬ್ರಾಂಜ್ ಗುರುತು ಇಲ್ಲ, ವಾರಂಟಿ ಅರ್ಧ. ನಗುತ್ತಾ ಬೇಡ ಅಂದೆವು. ಅವನೂ ನಗುತ್ತಾ ಒಳಗಿಟ್ಟ. ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರು ಕೊಟೇಶನ್ ಕೈಗೆ ಬಂದಮೇಲೆ ಒಂದೊಂದು ವಸ್ತುವಿನ ಕಡಿಮೆ ಬೆಲೆ ಹುಡುಕಿ ಮೂರೂ ಅಂಗಡಿ ಅಲೆಯಬೇಡಿ. ಎಲ್ಲ ಒಂದೇ ಕಡೆ ತಗೊಂಡರೆ ಸ್ವಲ್ಪ ಜಾಸ್ತಿ ಆದರೂ ಲಾಭ. ಆನ್ ಆಗದಿದ್ದರೆ "ನಿಮ್ಮ ಬೋರ್ಡ್ ಸರಿ ಇದೆ, ಅವರ ರ‍್ಯಾಮ್ ಸರಿ ಇಲ್ಲ" ಅನ್ನುವ ಪಂಚಾಯಿತಿ ತಪ್ಪುತ್ತದೆ.

ಬಿಲ್ ಇಲ್ಲದಿದ್ದರೆ ಇಷ್ಟು ಕಡಿಮೆ ಅಂತ ಆಸೆ ತೋರಿಸುತ್ತಾರೆ. ಜಿಎಸ್‌ಟಿ 18 ಪರ್ಸೆಂಟ್ ಅಲ್ವಾ, ಆಸೆ ಆಗುವುದು ಸಹಜ. ಆದರೆ ಬಿಲ್ ಇಲ್ಲ ಅಂದರೆ ವಾರಂಟಿಯೂ ಇಲ್ಲ ಅಂದುಕೊಳ್ಳಿ. ಪ್ರೊಸೆಸರ್‌ಗೆ ಸಾಮಾನ್ಯವಾಗಿ ಮೂರು ವರ್ಷ, ಎಸ್‌ಎಸ್‌ಡಿಗೆ ಮೂರೋ ಐದೋ, ರ‍್ಯಾಮ್‌ಗೆ ಇನ್ನೂ ಜಾಸ್ತಿ ವಾರಂಟಿ ಇರುತ್ತದೆ. ಬಿಲ್‌ನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬರೆಸಿ. ಪ್ರೊಸೆಸರ್ ಸೀಲ್ ಆದ ಡಬ್ಬದಲ್ಲೇ ಇರಬೇಕು. ಬಿಡಿಯಾಗಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಂದದ್ದು ಬೇಡ, ಅದಕ್ಕೆ ಫ್ಯಾನೂ ಇರುವುದಿಲ್ಲ.

ಮಾನಿಟರನ್ನು ಅಂಗಡಿಯಲ್ಲೇ ಆನ್ ಮಾಡಿಸಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಚುಕ್ಕಿ ಇದೆಯಾ ನೋಡಿ. 22 ಅಥವಾ 24 ಇಂಚು, ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದಂಥದ್ದು), 1080ಪಿ (ಫುಲ್ ಎಚ್‌ಡಿ). ಈ ದುಡ್ಡಿಗೆ ಇಷ್ಟೇ ಸಾಕು. ಕಂಪ್ಯೂಟರ್ ಬದಲಾದರೂ ಮಾನಿಟರ್ ಇನ್ನೆಂಟು ವರ್ಷ ಕಣ್ಣೆದುರು ಇರುತ್ತದೆ.

ಜೋಡಿಸುವುದು

ಅಂಗಡಿಯವರೇ ಜೋಡಿಸಿಕೊಡುತ್ತಾರೆ. ಆದರೂ ನಾವು ಮನೆಗೆ ತಂದು ಊಟದ ಮೇಜಿನ ಮೇಲೆ ಜೋಡಿಸಿದೆವು. ಮಾಡಿದ್ದು ಅವಳೇ, ನಾನು ಪಕ್ಕದಲ್ಲಿ ಕೂತಿದ್ದೆ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಮುಟ್ಟುವ ಮೊದಲು ಕಿಟಕಿಯ ಸರಳನ್ನೋ ನಲ್ಲಿಯನ್ನೋ ಮುಟ್ಟಿ, ಮೈಯಲ್ಲಿ ಸೇರಿದ ಸ್ಟ್ಯಾಟಿಕ್ ಹೋಗಲಿ.

ಎಎಂ4 ಪ್ರೊಸೆಸರ್‌ನ ಕೆಳಗೆ ಚಿನ್ನದ ಬಣ್ಣದ ಸಣ್ಣ ಪಿನ್‌ಗಳ ಹೊಲವೇ ಇರುತ್ತದೆ. ಮೂಲೆಯಲ್ಲಿ ಒಂದು ತ್ರಿಕೋನ. ಸಾಕೆಟ್‌ನ ಮೂಲೆಯಲ್ಲೂ ಅದೇ ತ್ರಿಕೋನ. ಪಕ್ಕದ ಕಡ್ಡಿ ಎತ್ತಿ, ತ್ರಿಕೋನ ಹೊಂದಿಸಿ ಬಿಟ್ಟರೆ ತನ್ನಷ್ಟಕ್ಕೆ ಇಳಿಯಬೇಕು. ಒತ್ತಿದರೆ ಕೆಟ್ಟಿತು. ಇಂಟೆಲ್‌ನಲ್ಲಿ ಪಿನ್‌ಗಳು ಬೋರ್ಡಿನ ಸಾಕೆಟ್‌ನಲ್ಲೇ ಇರುತ್ತವೆ, ಅಲ್ಲಿಗೆ ಬೆರಳೇ ತಾಗಬಾರದು.

ಡಬ್ಬದ ಫ್ಯಾನ್ ನಾಲ್ಕು ಸ್ಕ್ರೂಗಳಲ್ಲಿ ಕೂರುತ್ತದೆ. ಅದಕ್ಕೆ ಮೊದಲು ಬೋರ್ಡ್ ಮೇಲಿನ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಬಿಚ್ಚಿದಾಗ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಒಂದು ಕೈಯಲ್ಲಿ ಹಿಡಿದುಕೊಳ್ಳಿ. ಫ್ಯಾನಿನ ತಳದಲ್ಲಿ ಬೂದುಬಣ್ಣದ ಪೇಸ್ಟ್ ಆಗಲೇ ಬಳಿದಿರುತ್ತದೆ. ಅವಳು ಅದನ್ನು ಕೊಳೆ ಅಂದುಕೊಂಡು ಒರೆಸಲು ಬಟ್ಟೆ ತಂದಿದ್ದಳು!

ರ‍್ಯಾಮ್ ಎರಡು ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಕಟಕ್ ಅನ್ನುವವರೆಗೆ ಒತ್ತಿ. ಇಲ್ಲಿ ಸ್ವಲ್ಪ ಜೋರು ಬೇಕು, ಬೋರ್ಡ್ ಬಾಗಿದಂತೆ ಕಂಡು ಜೀವ ಹಾರುತ್ತದೆ, ಸಹಜ. ಬೋರ್ಡನ್ನು ಕ್ಯಾಬಿನೆಟ್‌ಗೆ ಇಳಿಸುವ ಮೊದಲು ಹಿಂದಿನ ತಗಡಿನ ಪಟ್ಟಿ ಕೂರಿಸಿ. ಎಲ್ಲರೂ ಇದನ್ನು ಮರೆಯುತ್ತಾರೆ, ನಾವೂ ಮರೆತೆವು, ಬಿಚ್ಚಿ ಮತ್ತೆ ಹಾಕಿದೆವು.

ಕರೆಂಟ್ ಕೇಬಲ್ ಎರಡು. 24 ಪಿನ್‌ನ ದೊಡ್ಡದು ಕಣ್ಣಿಗೆ ಕಾಣುತ್ತದೆ. ಮೇಲಿನ ಎಡ ಮೂಲೆಯಲ್ಲಿ ಪ್ರೊಸೆಸರ್‌ಗೆ 8 ಪಿನ್‌ನದು ಇನ್ನೊಂದು ಇದೆ. ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಆಮೇಲೆ ರ‍್ಯಾಮ್ ತೆಗೆದು ಮತ್ತೆ ಹಾಕಿ.

ಮೊದಲ ರಾತ್ರಿ ಮಾಡಬೇಕಾದದ್ದು

ಆನ್ ಮಾಡಿ ಡಿಲೀಟ್ ಕೀ ಒತ್ತುತ್ತಾ ಬಯೋಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ ಪುಟ) ಹೋಗಿ. ಅಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಅಂತ ಇರುತ್ತದೆ, ಅದನ್ನು ಆನ್ ಮಾಡಿ. ಇಲ್ಲದಿದ್ದರೆ 3200ರ ರ‍್ಯಾಮ್‌ಗೆ ದುಡ್ಡು ಕೊಟ್ಟೂ ಅದು ಕಡಿಮೆ ವೇಗದಲ್ಲೇ ಕುಂಟುತ್ತಿರಬಹುದು.

ವಿಂಡೋಸ್ ಲೈಸೆನ್ಸ್ ನನ್ನ ಪಟ್ಟಿಯಲ್ಲಿ ಇಲ್ಲ, ಗಮನಿಸಿರಬಹುದು. ಅವಳ ಕೋರ್ಸಿಗೆ ವಿಂಡೋಸ್ ಬದಲಿಗೆ ಹಾಕುವ ಉಬುಂಟು ಸಾಕು, ಅದು ಉಚಿತ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಅದರೊಳಗೇ ಇದೆ, ಸೆಟ್ಟಿಂಗ್‌ನಲ್ಲಿ ಆರಿಸಿದರೆ ಆಯಿತು. ಸಾಲಿಡ್‌ವರ್ಕ್ಸ್ ಥರದ್ದು ಬೇಕಾದವರಿಗೆ ಮಾತ್ರ ವಿಂಡೋಸ್ ಬೇಕೇ ಬೇಕು, ಅವರು ಅದನ್ನೂ ಬಜೆಟ್‌ಗೆ ಸೇರಿಸಿ. ಇಂಟರ್‌ನೆಟ್‌ಗೆ ಬ್ರಾಡ್‌ಬ್ಯಾಂಡ್ ಬರುವವರೆಗೆ ಫೋನನ್ನು ಯುಎಸ್‌ಬಿಯಲ್ಲಿ ಚುಚ್ಚಿ ಟೆಥರಿಂಗ್ ಆನ್ ಮಾಡಿದರೆ ಸಾಕು. ಡಾಂಗಲ್ ಕೂಡ ಬೇಕಾಗುವುದಿಲ್ಲ.

ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತ ಅದರೊಳಗೇ ಲೆಕ್ಕ ಇರುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಉಬುಂಟುವಿನಲ್ಲಿ ಸ್ಮಾರ್ಟ್‌ಸಿಟಿಎಲ್ ಅದನ್ನು ತೋರಿಸುತ್ತದೆ. ಹೊಸದಾದರೆ ಸೊನ್ನೆಯ ಹತ್ತಿರ ಇರಬೇಕು. 900 ಗಂಟೆ ಅಂತ ತೋರಿಸಿದರೆ ಮರುದಿನವೇ ಅಂಗಡಿಗೆ ಹೋಗಿ. ಮಲಗುವ ಮೊದಲು ಮೆಮ್‌ಟೆಸ್ಟ್ ಹಾಕಿ ಬಿಡಿ, ರಾತ್ರಿಯೆಲ್ಲ ರ‍್ಯಾಮನ್ನು ಪರೀಕ್ಷಿಸುತ್ತದೆ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಕಡ್ಡಿ ಬದಲಾಯಿಸಿಕೊಳ್ಳಿ. ನಮ್ಮದು ತಪ್ಪಿಲ್ಲದೆ ಮುಗಿಯಿತು.

ಗ್ರಾಫಿಕ್ಸ್ ಕಾರ್ಡ್ ಜಾಗ ಖಾಲಿ ಇದೆ. ಮೂರನೇ ವರ್ಷ ಪ್ರಾಜೆಕ್ಟ್ ಏನು ಅಂತ ಗೊತ್ತಾದ ಮೇಲೆ ನೋಡೋಣ ಅಂತ ಅವಳಿಗೂ ಹೇಳಿದ್ದೇನೆ. ಅವತ್ತು ಕಾರ್ಡ್ ಹಾಕಿದಾಗ ಮಾನಿಟರ್ ಕೇಬಲ್ ಬೋರ್ಡ್‌ನಿಂದ ಕಿತ್ತು ಕಾರ್ಡಿಗೆ ಚುಚ್ಚಬೇಕು, ಇಲ್ಲದಿದ್ದರೆ ಹೊಸ ಕಾರ್ಡ್ ಸುಮ್ನೆ ಕೂತಿರುತ್ತದೆ.

ಖಾಲಿ ಡಬ್ಬಗಳನ್ನು ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಬೇಕಾಗುತ್ತವೆ. ಬಿಲ್‌ನ ಫೋಟೊ ಫೋನ್‌ನಲ್ಲಿರಲಿ, ಬಿಲ್‌ನ ಅಕ್ಷರ ಒಂದೆರಡು ವರ್ಷಕ್ಕೇ ಮಾಸಿಹೋಗುತ್ತದೆ. ಭಾವ ಡಬ್ಬಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದಾರೆ. ಅಲ್ಲಿ ಮುಂದಿನ ವರ್ಷದ ಕೊಬ್ಬರಿಗೆ ಕಾಯಿ ಒಣಗುತ್ತಿದೆ.